ಎರಡು ಇಸ್ತ್ರಿಪೆಟ್ಟಿಗೆ, ಒಂದೇ ಉರುಳೆ

"ನೆಟ್ಟಗೆ ಸ್ಕೂಲ್ ಮುಗಿಸೋ ಯೋಗ್ಯತೆ ಇಲ್ಲ, ನನಗೆ ಲೆಕ್ಕ ಹೇಳೋಕೆ ಬಂದ!"

ಒಂದು ವೈರಿಗೆ ಎರಡು ಇಸ್ತ್ರಿಪೆಟ್ಟಿಗೆ ಬೇಡ ಎಂದದ್ದಕ್ಕೆ ಟೈಲರ್ ಹೀಗೆ ಅಂದದ್ದು ಹೆಂಡತಿಯ ತಮ್ಮನಿಗೆ. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ವೈರಿಂಗ್ ಕೆಲಸದ ಆ ತಮ್ಮನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಮೇಜಿನ ಕೆಳಗೇ ಇತ್ತು.

ಅಲ್ಲಿ ನೂಲು ಮುಗಿದ ದೊಡ್ಡದೊಂದು ಉರುಳೆ. ಟೈಲರಿಗೆ ಏನೂ ಹರಡಿ ಬಿದ್ದಿರಬಾರದು. ಉದ್ದನೆಯ ಎಕ್ಸ್‌ಟೆನ್ಷನ್ ವೈರನ್ನೂ ಅದಕ್ಕೆ ನೂಲಿನಂತೆಯೇ ಬಿಗಿಯಾಗಿ ಸುತ್ತಿಟ್ಟಿದ್ದ. ಅದರ ಬೋರ್ಡಿಗೆ ಎರಡು ಇಸ್ತ್ರಿಪೆಟ್ಟಿಗೆ. ಉರುಳೆಯ ಮೇಲೆ ಬಟ್ಟೆ ಚೂರಿನ ರಾಶಿ. ರಾಶಿಯ ಮೇಲೆ ಅವನ ಪುಟ್ಟ ಮಗಳು ನಿದ್ದೆ ಹೋಗಿದ್ದಳು.

"ಅಕ್ಕ, ಮೊದಲು ಪಾಪುನ ಎತ್ಕೋ."

ಅಕ್ಕ ಮಗುವನ್ನು ಎತ್ತಿಕೊಂಡು, ಬಟ್ಟೆ ಸರಿಸಿ, ಉರುಳೆ ಮುಟ್ಟಿದಳು. "ಅಯ್ಯೋ! ಕಾದ ಹೆಂಚಿನ ಹಾಗಿದೆ!"

"ಇಸ್ತ್ರಿ ಮಾಡೋ ಕಡೆ ಬಿಸಿ ಇರದೆ ಮಂಜು ಬೀಳುತ್ತಾ?" ಎಂದ ಟೈಲರ್. "ಫ್ಯೂಸ್ ಹೋಯ್ತಾ? ಇಲ್ವಲ್ಲ!"

"ಗೋಡೆ ಒಳಗಿರೋದು ದಪ್ಪ ವೈರ್ ಭಾವ. ಹದಿನಾರು ಆಂಪಿಯರ್ ಕರೆಂಟು ತಾಳುತ್ತೆ, ಫ್ಯೂಸೂ ಅದರ ಲೆಕ್ಕದ್ದೇ, ಅದಕ್ಕೇ ಸುಮ್ಮನಿದೆ. ಈ ಸಣ್ಣ ವೈರ್ ತಾಳೋದು ಆರೇ. ಬೋರ್ಡ್ ಮೇಲೇ ಬರೆದಿದೆ, ನೋಡಿ."

"ಇರೋ ಕರೆಂಟನ್ನ ಎರಡೂ ಹಂಚ್ಕೊಳ್ತವೆ ಬಿಡೋ."

"ಹಂಚ್ಕೊಂಡು ತಿನ್ನೋಕೆ ಅವೇನು ಅಣ್ಣತಮ್ಮಂದಿರಾ?"

ತಮ್ಮ ಮೇನ್ ಆರಿಸಿ, ಗೋಡೆಯ ಪಾಯಿಂಟ್ ಬಿಚ್ಚಿ, ಒಂದು ವೈರಿಗೆ ಕರೆಂಟು ಅಳೆಯುವ ಮೀಟರಿನ ಇಕ್ಕಳ ಕಚ್ಚಿಸಿದ. ಮತ್ತೆ ಕರೆಂಟು ಕೊಟ್ಟು ಒಂದೇ ಪೆಟ್ಟಿಗೆ ಹಾಕಿದ. ಐದು ಆಂಪಿಯರ್.

"ಅಕ್ಕ, ವೋಲ್ಟೇಜ್ ಇನ್ನೂರ ಮೂವತ್ತು. ಅದನ್ನ ಆಂಪಿಯರಿನಿಂದ ಗುಣಿಸಿದ್ರೆ ವ್ಯಾಟ್, ಅಂದ್ರೆ ಪೆಟ್ಟಿಗೆ ತಿನ್ನೋ ಶಕ್ತಿ. ಭಾಗಿಸಿದ್ರೆ ಓಮ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ."

ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಳು. "ಸಾವಿರದ ನೂರೈವತ್ತು ವ್ಯಾಟ್. ನಲವತ್ತಾರು ಓಮ್."

"ಹಾಗಿದ್ರೆ ಎರಡಕ್ಕೆ ತೊಂಬತ್ತೆರಡು ತಡೆ. ಇನ್ನೂ ಕ್ಷೇಮ!" ಟೈಲರ್ ಮೀಸೆ ತಿರುವಿದ.

ತಮ್ಮ ಎರಡನೆಯದನ್ನೂ ಹಾಕಿದ. ಮೀಟರಿನಲ್ಲಿ ಹತ್ತು.

ಅಕ್ಕ ಮತ್ತೆ ಭಾಗಿಸಿದಳು. "ಇಪ್ಪತ್ಮೂರೇ ಬಂತಲ್ಲೋ!"

"ಕರೆಂಟಿಗೆ ದಾರಿ ಎರಡಾಯ್ತು, ತಡೆ ಅರ್ಧ ಆಯ್ತು. ಆರು ತಾಳೋ ವೈರಲ್ಲಿ ಹತ್ತು ಹರೀತಿದೆ. ಅದೂ ಸುತ್ತಿಟ್ಟ ವೈರು, ಮೇಲೆ ಬಟ್ಟೆ. ಬಿಸಿ ಎಲ್ಲಿಗೆ ಹೋಗಬೇಕು ಭಾವ?"

ನಕ್ಕಿದ್ದ ಹೆಂಗಸೊಬ್ಬಳು ಎದ್ದಳು. "ಟೈಲರೇ, ನನ್ನ ಬಟ್ಟೆ ಕೊಟ್ಬಿಡಿ. ಹೊಲೀದಿದ್ರೂ ಪರವಾಗಿಲ್ಲ."

ಟೈಲರ್ ತಾನೇ ಪ್ಲಗ್ ಕಿತ್ತು ಉರುಳೆ ಬಿಚ್ಚತೊಡಗಿದ. ಒಳಸುತ್ತಿನಲ್ಲಿ ವೈರಿನ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಅದನ್ನು ನೋಡಿದ. ಹೆಂಡತಿಯ ಹೆಗಲ ಮೇಲೆ ಮಲಗಿದ್ದ ಮಗಳನ್ನು ನೋಡಿದ.

"ಇದನ್ನ ಬಿಸಾಕ್ತೀನಿ. ಒಂದೊಂದು ಪೆಟ್ಟಿಗೆಗೂ ಗೋಡೆಯಲ್ಲೇ ಪಾಯಿಂಟ್ ಹಾಕ್ಕೊಡು," ಎಂದ. ಅಂಟಿದ ವೈರನ್ನು ಬದಿಗೆ ಸರಿಸಿ, "ಆಗ ಏನೋ ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೊಂಡ್ಯಾ?"

ತಮ್ಮ ಮತ್ತೆ ಮೇನ್ ಆರಿಸಿ, ಗೋಡೆಯ ಪಾಯಿಂಟ್ ಮುಚ್ಚಿ, ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥ ಬೋರ್ಡ್ ಇರುತ್ತದೆ. ನಿಮಗೆ ಮೀಟರ್ ಬೇಡ. ಅದಕ್ಕೆ ಚುಚ್ಚಿದ ವಸ್ತುಗಳ ಮೇಲೆ ಬರೆದ ವ್ಯಾಟ್ ಕೂಡಿಸಿ, ಇನ್ನೂರ ಮೂವತ್ತರಿಂದ ಭಾಗಿಸಿ. ಬಂದ ಆಂಪಿಯರ್ ಬೋರ್ಡಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚಾದರೆ ಒಂದನ್ನು ತೆಗೆಯಿರಿ. ವೈರ್ ಸುತ್ತಿಟ್ಟು ಬಳಸಬೇಡಿ, ಮೇಲೆ ಬಟ್ಟೆ ಹಾಕಬೇಡಿ. ಹೇಳಿದವನು ಎಷ್ಟು ಓದಿದ್ದಾನೆ ಎಂದು ವೈರ್ ಕೇಳುವುದಿಲ್ಲ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಮೊದಲು ಪ್ಲಗ್ ಕೀಳಿ.