ಮಂಚ ಕಿತ್ತ ಜೋಡಿದೋಣಿ

ಜಯಪ್ರಕಾಶನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಭಾರತೀನಗರದಲ್ಲಿ ಕಬ್ಬಿನ ಟ್ರೇಲರ್ ಮಾಡಿಕೊಡುವ ಶೆಡ್ಡು ಇಟ್ಟವನಿಗೆ ಆ ಗುಣ ಇದ್ದರೆ ವ್ಯಾಪಾರಕ್ಕೆ ಒಳ್ಳೆಯದೇ. ದೋಣಿ ಮಾಡಲು ಹೊರಟವನಿಗೆ ಮಾತ್ರ ಅದು ದೊಡ್ಡ ಪೀಡೆ. ಮಡಿಸಬಹುದಾದ ಜೋಡಿದೋಣಿಯ ನಕ್ಷೆಯನ್ನು ಅವನು ಎಷ್ಟು ಸಲ ಬರೆದು ಅಳಿಸಿದ್ದನೆಂದರೆ, ಈಗೀಗ ಪೆನ್ಸಿಲ್ ಕಂಡರೇ ಆಕಳಿಕೆ ಬರುತ್ತಿತ್ತು.

ಶುರುವಾದದ್ದು ಹೆಂಡತಿ ರಂಜಿತಳಿಗಾಗಿ. ಅವನ ತಾಯಿ ಹೊಂಬಾಳಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ವರ್ಷಗಟ್ಟಲೆ ಹೇಲು ಉಚ್ಚೆ ಬಾಚಿದವಳು ಅವಳು. ಹಗಲು ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ, ಮನೆಗೆ ಬಂದರೆ ಅತ್ತೆಯ ಮಗ್ಗುಲು ಹೊರಳಿಸುವುದು, ರಾತ್ರಿ ಅರೆನಿದ್ದೆ. ಮುದುಕಿ ಕಣ್ಣು ಮುಚ್ಚಿದ ಮೇಲೂ ಆ ಅರೆನಿದ್ದೆ ಅವಳನ್ನು ಬಿಡಲಿಲ್ಲ. ತಿಥಿ ಮುಗಿದ ದಿನ ಜಯಪ್ರಕಾಶ ಅವಳಿಗೆ ಮಾತು ಕೊಟ್ಟ. ನೀರಿನ ನಡುವೆ, ಯಾರ ಕಾಟವೂ ಇಲ್ಲದ ಕಡೆ, ಒಂದು ದಿನ ಪೂರ್ತಿ ಮಲಗಿಸುತ್ತೇನೆ ಎಂದ. ಎರಡು ಉದ್ದನೆಯ ದೋಣಿ, ಅವನ್ನು ಕೂಡಿಸುವ ತೋಳುಗಳು, ನಡುವೆ ನೆರಳು ಮಾಡಿದ ಒಂದು ಮಂಚ. ತೋಳು ಮಡಿಸಿದರೆ ಎಲ್ಲವೂ ಟ್ರೇಲರ್ ಮೇಲೆ ಕೂರಬೇಕು, ಬೇಕಾದ ಕೆರೆಗೆ ಎಳೆದೊಯ್ಯಬೇಕು. ಟ್ರೇಲರ್ ಮಾಡುವವನಿಗೆ ಇದೇನು ಮಹಾ ಎಂದುಕೊಂಡಿದ್ದ.

ಅಷ್ಟರಲ್ಲಿ ಮಗಳು ನಯನ ಕಾಲೇಜಿನ ಎನ್‌ಸಿಸಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತು ಬಂದಳು. ಅಪ್ಪನ ನಕ್ಷೆ ನೋಡಿ ಕುಣಿದಾಡಿದಳು. ಇದನ್ನು ರೇಸಿಗೇ ಇಳಿಸೋಣ, ಭಾರ ಮಾತ್ರ ಕಮ್ಮಿ ಮಾಡು ಎಂದಳು. ಜಯಪ್ರಕಾಶ ಹೂಂ ಎಂದ. ಮಂಚ ಹೋಗಿ ಬೆಂಚಾಯಿತು, ಬೆಂಚು ಹೋಗಿ ಬಿಗಿದು ಕಟ್ಟಿದ ಬಲೆಯಾಯಿತು. ಗಾಳಿಗೆ ಅಡ್ಡ ಎಂದು ನೆರಳಿನ ಚಾವಣಿಯೂ ಹೋಯಿತು. ಕೊನೆಗೆ ದೋಣಿಯ ಮೈಗೆ ಹೊದಿಸುವ ಪ್ಲೈವುಡ್ಡನ್ನೂ ತೆಳುವು ಮಾಡಿದ. ರಂಜಿತ ಕೇಳಿದಾಗೆಲ್ಲ ಮಂಚ ಇದ್ದೇ ಇದೆ, ಒಂಚೂರು ಬದಲಾಯಿಸಿದ್ದೀನಿ ಅಷ್ಟೇ ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಅನಿಸಿರಲಿಲ್ಲ. ಇಬ್ಬರಿಗೂ ಒಪ್ಪುವ ಗೆರೆ ಎಲ್ಲೋ ಇದೆ, ಇನ್ನೊಂದು ಸಲ ಬರೆದರೆ ಸಿಕ್ಕೀತು ಎಂದೇ ನಂಬಿದ್ದ. ಮನುಷ್ಯನನ್ನು ಇಂಥ ನಂಬಿಕೆ ಹಿಂಡುವಷ್ಟು ಕೂಲಿ ಕೆಲಸವೂ ಹಿಂಡುವುದಿಲ್ಲ.

ಭಾನುವಾರ ಬೆಳಗ್ಗೆ ಮೈಸೂರು ಕಡೆಯ ಜಲಾಶಯದಲ್ಲಿ ರೇಸು. ಹಿಂದಿನ ದಿನ ಮಳವಳ್ಳಿ ಹತ್ತಿರದ ಕೆರೆಯಲ್ಲಿ ದೋಣಿ ಇಳಿಸಿ ನೋಡುವುದು, ರಂಜಿತಳನ್ನು ಒಂದು ಸುತ್ತು ಕರೆದೊಯ್ಯುವುದು, ಹಾಗೇ ಮುಂದಕ್ಕೆ ಹೋಗುವುದು ಎಂದು ಮಾತಾಗಿತ್ತು. ಟ್ರೇಲರ್ ಎಳೆಯಲು ಚಿಕ್ಕಮಾದು ತನ್ನ ಜೀಪು ತಂದ. ಕಾರ್ಖಾನೆಗೆ ಕಬ್ಬಿನ ಲೋಡು ಹೊಡೆದು ಪಳಗಿದವನು ಅವನು.

ದಾರಿಯಲ್ಲಿ ಟೀ ಅಂಗಡಿ ಮುಂದೆ ನಿಂತಾಗ ಚಿಕ್ಕಮಾದು ಹಿಂದೆ ಹೋಗಿ ಲೋಡು ಮುಟ್ಟಿ ನೋಡಿದ. ಮಡಿಸಿದ ದೋಣಿ ಕೊಂಚ ಅಲ್ಲಾಡುತ್ತಿತ್ತು. ಕೀಲುಗಳಿದ್ದ ಮೇಲೆ ಅಷ್ಟು ಅಲ್ಲಾಡಲೇಬೇಕು. ಆದರೆ ಕಬ್ಬು ಹೊಡೆಯುವವನು ಅಲ್ಲಾಡುವ ಲೋಡನ್ನು ಸುಮ್ಮನೆ ಬಿಟ್ಟಾನೆಯೇ? ದೋಣಿ ಕಟ್ಟಿದ್ದ ಹಗ್ಗದೊಳಗೆ ಒಂದು ಕೋಲು ತೂರಿಸಿ, ಕಬ್ಬಿನ ಲೋಡಿಗೆ ತಿರುವುವ ಹಾಗೆ ಬಲವಾಗಿ ತಿರುವಿ, ಬಿಗಿ ಮಾಡಿ ಬಂದು ಟೀ ಕುಡಿದ. ಹೇಳಿಕೊಳ್ಳುವಂಥ ಕೆಲಸವೆಂದು ಅವನಿಗೆ ಅನಿಸಲೇ ಇಲ್ಲ.

ಮರ ಗಿಡ ಒಂದೂ ಇಲ್ಲದ ಕೆರೆದಡದಲ್ಲಿ ದೋಣಿ ಇಳಿಸಿ ಬಿಚ್ಚಿದರು. ತೋಳುಗಳು ಸರಾಗವಾಗಿ ಅಗಲಿದವು. ಆದರೆ ಬಲಗಡೆ ದೋಣಿಯ ಹೊಟ್ಟೆಯಲ್ಲಿ, ಹಗ್ಗ ಕೂತಿದ್ದ ಜಾಗದಲ್ಲಿ, ಮೊಳದುದ್ದ ಸೀಳು ಬಿಟ್ಟಿತ್ತು. ಚಿಕ್ಕಮಾದುವಿಗೆ ತಾನು ಮಾಡಿದ್ದೇನೆಂದು ಆಗಲೇ ಅರ್ಥವಾಯಿತು. ಕೂತು ಸೀಳಿನ ಅಂಚು ಮುಟ್ಟಿದ. ಅದು ಅವನ ಬೆರಳಿಗೇ ಬಾಗಿತು.

"ತಪ್ಪಾಯ್ತು ಕಣಣ್ಣ," ಎಂದ. "ಆದ್ರೂ ಇದು ಅಪ್ಪಳ ಇದ್ದಂಗೈತಲ್ಲ. ಇದ್ರಲ್ಲಿ ಮನೆಯೋರ್ನೆಲ್ಲ ಕೂರುಸ್ಕಂಡು ಓಗಾನ ಅಂತಿದ್ದಾ?"

ಜಯಪ್ರಕಾಶನಿಗೆ ಅವನ ಮೇಲೆ ಕೋಪ ಬರಲಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ, ಬಾಯಿಬಿಟ್ಟು ಹೇಳಲಾಗದಂಥ ನಿರಾಳವೂ ಆಯಿತು.

ನಯನ ಆಗಲೇ ಮುಂದಿನದನ್ನು ಯೋಚಿಸಿದ್ದಳು. ಈಗಲೇ ಮಡಿಸಿಕೊಂಡು ಶೆಡ್ಡಿಗೆ ಓಡಿದರೆ ಸೀಳಿನ ಮೇಲೆ ಅಂಟು ಬಳಿದು ಫೈಬರ್ ಬಟ್ಟೆ ಹಚ್ಚಬಹುದು, ಬೆಳಗಾಗುವುದರೊಳಗೆ ಒಣಗುತ್ತದೆ, ರೇಸು ತಪ್ಪುವುದಿಲ್ಲ. ಹಾಗೆನ್ನುತ್ತ ತೋಳು ಮಡಿಸಲು ತಿರುಗಿದವಳು ಅಲ್ಲೇ ನಿಂತಳು.

ಈ ಗಡಿಬಿಡಿಯಲ್ಲಿ ರಂಜಿತಳನ್ನು ಎಲ್ಲರೂ ಮರೆತಿದ್ದರು. ಅವಳು ದೋಣಿಯನ್ನು ಒಂದು ಸುತ್ತು ಹಾಕಿ ನೋಡಿದ್ದಳು. ಮಂಚ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಬಲೆಯನ್ನು ಅಂಗೈಯಲ್ಲಿ ಒತ್ತಿ ನೋಡಿ, ಚಪ್ಪಲಿ ಬಿಟ್ಟು ಹತ್ತಿ, ಸೆರಗನ್ನು ಕಣ್ಣಿಗೆ ಎಳೆದುಕೊಂಡು ಮಲಗಿಬಿಟ್ಟಿದ್ದಳು. ಚಿಕ್ಕಮಾದು ಜೀಪಿನ ಬಾಗಿಲನ್ನು ದಡಾರನೆ ಹಾಕಿದರೂ ಕದಲಲಿಲ್ಲ.

"ಅವ್ವನ್ನ ಎಬ್ಬುಸಪ್ಪ, ಒತ್ತಾಯ್ತದೆ," ಎಂದಳು ನಯನ.

"ಬ್ಯಾಡ."

"ಈಗ ಒಂಡ್ಲಿಲ್ಲ ಅಂದ್ರೆ ರೇಸು ಓಯ್ತದೆ."

"ಗೊತ್ತು ಕಣವ್ವ. ಓಗ್ಲಿ ಬುಡು. ಈ ದೋಣಿ ಸುರು ಮಾಡಿದ್ದೇ ಅವ್ಳು ಮಲಗ್ಲಿ ಅಂತ. ಅದ್ನ ನಾನು ನಿಂಗೆ ಯಾವತ್ತೂ ಏಳ್ಲೇ ಇಲ್ಲ."

ನಯನಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಮೊದಲೇ ಹೇಳಿದ್ದರೆ ಇಷ್ಟು ಆಸೆಯನ್ನಾದರೂ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಸಣ್ಣ ದನಿಯಲ್ಲೇ ಅಂದು, ದಡದುದ್ದಕ್ಕೂ ನಡೆದುಹೋದಳು. ಮಗಳ ಮಾತು ನಿಜ, ಮತ್ತು ಅದು ಜಯಪ್ರಕಾಶನನ್ನು ಬಹಳ ನೋಯಿಸಿತು. ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಚಿಕ್ಕಮಾದು ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ.

ಜೀಪಿನ ನೆರಳು ಸರಿದು ಬಿಸಿಲು ರಂಜಿತಳ ಪಾದದಿಂದ ಮುಖಕ್ಕೆ ಏರುವ ಹೊತ್ತಿಗೆ ನಯನ ಹಿಂದಿರುಗಿದಳು. ಚೀಲದಿಂದ ರೇಸಿನ ಹೊಸ ಹಾಯಿ ತೆಗೆದಳು. ಕೈ ತೊಳೆಯದೆ ಅದನ್ನು ಮುಟ್ಟಲು ಅವಳು ಯಾರಿಗೂ ಬಿಟ್ಟಿರಲಿಲ್ಲ. ಅದರ ಒಂದು ತುದಿಯನ್ನು ಜೀಪಿಗೆ, ಇನ್ನೊಂದನ್ನು ದೋಣಿಯ ತೋಳಿಗೆ ಬಿಗಿದು, ಅವ್ವನ ಮುಖಕ್ಕೆ ನೆರಳು ಬೀಳುವವರೆಗೂ ಎಳೆದು ಕಟ್ಟಿದಳು.

ಹಾಯಿಯ ಸದ್ದಿಗೋ ಏನೋ, ರಂಜಿತ ಕಣ್ಣು ಬಿಡದೆಯೇ ತೊದಲಿದಳು.

"ಒಂದ್ ಗಳಿಗೆ ಕಣ್ರೀ... ಎದ್ಬುಡ್ತೀನಿ. ನನ್ನಿಂದ ನಿಮ್ಗೆಲ್ಲ ತಡ."

ಜಯಪ್ರಕಾಶ ಎದ್ದು ಹತ್ತಿರ ಬರುವಷ್ಟರಲ್ಲಿ ನಯನಳೇ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದಳು.

"ಎಲ್ಗೂ ಓಗಾದಿಲ್ಲ ಕಣವ್ವ. ಮಲಕ್ಕೊ."