ಚೀಟಿಯ ಹಿಂಬದಿ

ಗಡಿಗೆಯ ನೀರು ಚೆಲ್ಲಿ ಒಳಗೆ ಕೈ ಹಾಕಿ ತಿಕ್ಕುತ್ತಿದ್ದೆ. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ನೀರಿನ ಗಡಿಗೆಯೊಳಗೆ ಸಣ್ಣ ಕುಡಿಕೆ, ಕುಡಿಕೆಯೊಳಗೆ ಇನ್ಸುಲಿನ್ ಸೀಸೆ. ಬಸವಕಲ್ಯಾಣದ ಬ್ಯಾಸಿಗೆಯಲ್ಲಿ ಇದ್ದ ತಂಪು ಅಷ್ಟೇ. ಹೋದ ವರ್ಷದ ತನಕ ಎರಡು ಸೀಸೆ ಇರುತ್ತಿದ್ದವು. ಒಂದು ನನ್ನದು, ಒಂದು ಪಕ್ಕದ ಮನೆಯ ಬೀಬಿಜಾನಳದು.

ಹೊಸ್ತಿಲ ಮೇಲೆ ಬೀಬಿಜಾನಳ ಮಗಳು ಸಿಮ್ರಾನ್ ಕೂತಿದ್ದಳು. ಹುಲಸೂರಿನ ಕನ್ನಡ ಸಾಲೆಯಲ್ಲಿ ಟೀಚರ್. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ತಾಯಿ ಸತ್ತು ವರ್ಷವಾದ ಫಾತಿಹಾ ಪ್ರಾರ್ಥನೆ ಮುಗಿಸಿ ಹೊರಟಿದ್ದಳು.

"ಖಾಲಾ, ಮಂದಿ ಕೇಳಿದ್ರ ನಾ ಒಂದೇ ಮಾತು ಹೇಳ್ತೀನಿ. ಅಮ್ಮಿಗೆ ಅಕ್ಷರ ಬರತಿರಲಿಲ್ಲ, ತನ್ನ ಕೈಲೇ ಸೂಜಿ ಜಾಸ್ತಿ ಚುಚಗೊಂಡ್ಲು. ನಿಮ್ಮಂಗ ನಾಕಕ್ಷರ ಕಲ್ತಿದ್ರ ಬದಕತಿದ್ಲು."

ನಾನು ಬಾಯಿ ತೆರೆದೆ. "ಚಹಾ ಕುಡೀತೀ?" ಅಂದೆ.

ಅಕ್ಷರ ನಾನು ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ, ಓಣಿಯ ಬುದ್ಧವಿಹಾರದ ರಾತ್ರಿ ಸಾಲೆಯಲ್ಲಿ. ಬೀಬಿಜಾನ ಎರಡು ದಿನ ಬಂದು ಬಿಟ್ಟಳು. "ನೀ ಕಲಿಯವ್ವಾ ಸೋನುಬಾಯಿ, ನಿನ್ನ ಕಣ್ಣೇ ನನ್ನ ಕಣ್ಣು. ಆ ಮಾಸ್ತರನ ಮಾರಿ ನೋಡಿದ್ರ ನನಗ ನಿದ್ದಿ ಬರತೈತಿ" ಅಂದಳು. ಮುಂದೆ ಇಬ್ಬರಿಗೂ ಸಕ್ಕರೆ ಕಾಯಿಲೆ ಹತ್ತಿತು. ಹುಮನಾಬಾದಿಗೆ ಒಂದೇ ಬಸ್ಸಿನಲ್ಲಿ ಹೋಗಿ ಒಬ್ಬನೇ ಡಾಕ್ಟರನಿಗೆ ತೋರಿಸಿದೆವು. ಆತ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟ. ಮುಂದೆ ಅಂಕಿ, ಹಿಂದೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು.

ಬೀಬಿಜಾನಳದನ್ನು ಓದಿ ಹೇಳಿದೆ. ಮುಂಜಾನೆ ಇಪ್ಪತ್ನಾಲ್ಕು, ಸಂಜಿಗೆ ಹದಿನಾರು.

"ಹಿಂದ ಏನೈತಿ?"

"ದವಾಖಾನಿ ಪತ್ತಾ, ಎಲ್ಲೈತಿ ಅಂತ."

"ಪೂರಾ ಓದೀಯಲ್ಲ?"

"ಓದೀನಿ. ನನಗೇ ಪರೀಕ್ಷಾ ತಗೋತೀಯೇನ?"

ನನಗೆ ಇಂಗ್ಲಿಷ್ ಬರುವುದಿಲ್ಲ. ಹಾಗೆ ಹೇಳಲು ಆ ದಿನ ನಾಲಿಗೆ ಏಳಲಿಲ್ಲ.

ನನ್ನ ಮಾತು ಬೇರೆ. ಒಮ್ಮೆ ತೊಗರಿ ಹೊಲದಲ್ಲಿ ಬೆವತು ಕುಸಿದಿದ್ದೆ. ಅಂದಿನಿಂದ ಕೂಲಿಗೆ ಹೋಗುವ ದಿನ ಸೂಜಿಯಲ್ಲಿ ನಾಲ್ಕು ಗೆರೆ ಕಮ್ಮಿ ತುಂಬಿಕೊಳ್ಳುತ್ತಿದ್ದೆ. ಬೈತಾನಂತ ಡಾಕ್ಟರನಿಗೆ ಹೇಳಲಿಲ್ಲ. ಬೀಬಿಜಾನಳಿಗೂ ಹೇಳಲಿಲ್ಲ. ನನ್ನ ಮೈಗೆ ನಾನೇ ಡಾಕ್ಟರ್, ಆಕೆಯ ಮೈಗೆ ಚೀಟಿ.

ಆಕೆ ಎರಡು ದವಡೆ ಹಲ್ಲು ಕಿತ್ತಿಸಿಕೊಂಡ ಮರುದಿನ ಮುಂಜಾನೆ ಗಲ್ಲ ಊದಿಸಿಕೊಂಡು ಬಂದಳು.

"ನಿನ್ನಿಯಿಂದ ಒಂದು ತುತ್ತು ಇಳಿದಿಲ್ಲ. ಇವತ್ತ ಕಮ್ಮಿ ಹಾಕಲೇನ?"

"ಚೀಟ್ಯಾಗ ಇಪ್ಪತ್ನಾಲ್ಕು ಐತಿ. ನೀ ಡಾಕ್ಟರಗಿಂತ ಶಾಣ್ಯಾಕಿ ಏನ?"

"ನೀ ಇದ್ದೀಯಲ್ಲ ಶಾಣ್ಯಾಕಿ" ಅಂತ ನಕ್ಕು ತೋಳು ಚಾಚಿದಳು. ಗೆರೆ ಎಣಿಸಿ ತುಂಬಿದವಳೂ ಚುಚ್ಚಿದವಳೂ ನಾನೇ. ಮೇಲೆ ಸಕ್ಕರೆ ಇಲ್ಲದ ಚಹಾ ಕೊಟ್ಟೆ. ಸ್ವಲ್ಪ ಹೊತ್ತಿಗೆ ಕೈ ನಡುಗುತ್ತದೆ ಅಂದಳು. ಹಲ್ಲಿನ ನೋವಿಗೆ ಹಾಗಾಗುತ್ತದೆ, ಮಲಗು ಅಂದೆ. ಮಲಗಿದಳು. ಸಂಜೆಯ ಹದಿನಾರು ತುಂಬಿಕೊಂಡು ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು.

ಮಣ್ಣು ಕೊಟ್ಟ ಮೂರನೇ ದಿನ ಆಕೆಯ ಚೀಟಿಯನ್ನು ಔಷಧಿ ಅಂಗಡಿಯ ಲಾಲಪ್ಪನ ಮುಂದೆ ಹಿಡಿದೆ.

"ಊಟ ಇಲ್ಲಂದ್ರ ಅರ್ಧ ಹಾಕ್ಕೋರಿ. ಕೈ ನಡುಗಿದ್ರ ತಕ್ಷಣ ಸಕ್ಕರಿ ತಿನ್ರಿ. ಈ ನಂಬರಿಗೆ ಫೋನ್ ಮಾಡಿ ಕೇಳ್ರಿ. ಇಷ್ಟ ಐತ್ರಿ. ಯಾಕ?"

"ಯಾಕೂ ಇಲ್ಲ" ಅಂದೆ.

ಮುಂದಿನ ತಿಂಗಳು ಹುಮನಾಬಾದಿಗೆ ಹೋಗಿ ಡಾಕ್ಟರನ ಮೇಜಿನ ಮೇಲೆ ನನ್ನ ಚೀಟಿ ತಿರುವಿ ಹಾಕಿದೆ. "ನನಗ ಇಂಗ್ಲಿಷ್ ಬರಂಗಿಲ್ರಿ. ಇದನ್ನ ಕನ್ನಡದಾಗ ಹೇಳ್ರಿ." ಆತ ಗಡಿಯಾರ ನೋಡಿದ. "ಮೊದಲೇ ಹೇಳಬೇಕಿಲ್ಲೇನಮ್ಮ?" ಅಂತ ಗದರಿ, ನಾಲ್ಕೂ ಸಾಲು ಹೇಳಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ನಿಮಿಷ ಆತ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವತ್ತೇ ಸಿಮ್ರಾನಳಿಗೆ ಪತ್ರ ಬರೆದೆ. ಬರೆದು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟೆ. ಹನ್ನೊಂದು ತಿಂಗಳು ಅಲ್ಲೇ ಇತ್ತು. ಈ ಹುಡುಗಿ ಒಬ್ಬಳೇ ಈಗ ನನ್ನನ್ನು ಖಾಲಾ ಅನ್ನುವವಳು. ಓದಿದ ಮೇಲೆ ಅನ್ನುವುದಿಲ್ಲ.

ಸಿಮ್ರಾನ್ ಚಹಾ ಕುಡಿದು ಬಟ್ಟಲು ತೊಳೆದಿಟ್ಟಳು. "ಸೂಜಿ ಹುಷಾರಿ ಖಾಲಾ. ನಿಮಗ ಹೇಳೋದೇನೈತಿ, ಓದಿದವರು" ಅಂದು ಹುಲಸೂರಿನ ಬಸ್ಸಿಗೆ ಹೋದಳು.

ಗಡಿಗೆ ಬೋರಲು ಹಾಕಿ ಟ್ರಂಕು ತೆಗೆದೆ. ಪತ್ರದ ಕೊನೆಗೆ ಒಂದು ಸಾಲು ಸೇರಿಸಿದೆ: "ಮಂದಿಗೆ ಇನ್ನು ಮ್ಯಾಲೆ ನಿಮ್ಮವ್ವನ ಹೆಸರು ಹೇಳಬ್ಯಾಡ, ನನ್ನ ಹೆಸರು ಹೇಳು." ಬೀಬಿಜಾನಳ ಚೀಟಿಯನ್ನೂ ಒಳಗಿಟ್ಟು ಅನ್ನದ ಅಗುಳಿನಿಂದ ಅಂಟಿಸಿದೆ.

ಪೋಸ್ಟಿನಲ್ಲಿ ಓಂಪ್ರಕಾಶ ಕವರು ತಿರುಗಿಸಿ ನೋಡಿದ. "ಏನ್ ಸೋನಕ್ಕಾ, ಹುಲಸೂರಿಗೆ ಪತ್ರ? ಫೋನ್ ಮಾಡಿದ್ರ ಆಗತಿರಲಿಲ್ಲೇನು?"

"ಫೋನಿನ್ಯಾಗ ಮತ್ತ ಚಹಾ ಕುಡೀತೀ ಅಂತೀನಪ್ಪಾ."

ಆತನಿಗೆ ತಿಳಿಯಲಿಲ್ಲ. ಠಪ್ಪಂತ ಮುದ್ರೆ ಒತ್ತಿ, ಹುಲಸೂರಿನ ಚೀಲದೊಳಗೆ ಎಸೆದ.