ಬೇರಿನ ಮಾತು ಕೇಳಿದ ತೋಟದಕ್ಕ

ಮಧ್ಯಾಹ್ನದ ಹೊತ್ತಿಗೆ ಸೌತೆಬಳ್ಳಿಯ ಎಲೆಗಳು ಮತ್ತೆ ಜೋತುಬಿದ್ದಿದ್ದವು. ತೋಟದಕ್ಕ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನ ಬಾಗಿಲಲ್ಲಿ ನಿಂತು ನೋಡಿದಳು. ನೋಡಿ ಸುಮ್ಮನಿರುವ ಜೀವವಲ್ಲ ಅವಳದು. ಬಕೆಟ್ ಎತ್ತಿಕೊಂಡು, "ಪಾಪ, ಬಾಯಾರಿ ಒದ್ದಾಡ್ತಿವೆ" ಎನ್ನುತ್ತ ಒಂದೊಂದು ಚೀಲಕ್ಕೂ ಒಂದೊಂದು ಚೊಂಬು ನೀರು ಹುಯ್ದಳು.

ಅದು ಮಣ್ಣಿಲ್ಲದ ಬೇಸಾಯ. ಬಿಳಿ ಚೀಲದೊಳಗೆ ತೆಂಗಿನ ನಾರಿನ ಪುಡಿ, ಅದರಲ್ಲಿ ಬೇರು. ಗೊಬ್ಬರ ಕರಗಿಸಿದ ನೀರು ಸಣ್ಣ ಕೊಳವೆಯಿಂದ ತೊಟ್ಟಿಕ್ಕುತ್ತದೆ, ಅಷ್ಟೆ. ಮೊದಲ ಬೆಳೆ ಹೂ ಬಿಡುವ ಮೊದಲೇ ಬೇರು ಕೊಳೆತು ಹೋಗಿತ್ತು. ಇದು ಎರಡನೆಯದು. ನಾಟಿಯಾಗಿ ನಾಲ್ಕು ವಾರ, ಇದೂ ಅದೇ ದಾರಿ ಹಿಡಿದಂತೆ ಕಾಣುತ್ತಿತ್ತು.

ತೋಟದಕ್ಕನ ಕೈಗುಣ ಊರಿಗೇ ಗೊತ್ತು. ಅವಳು ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎನ್ನುತ್ತಿದ್ದರು ಜನ. ಅಂಥವಳು ಈಗ ಯಾರಾದರೂ ಸಸಿ ಹಿಡಿದು ಬಂದರೆ ಸೊಂಟನೋವು ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಕೈಗುಣ ಕೈಬಿಟ್ಟಿತೇನೋ ಎಂಬ ಭಯ ಒಳಗೊಳಗೇ ತಿನ್ನುತ್ತಿತ್ತು.

"ಇದೂ ಹೋದ್ರೆ ಈ ಗೂಡು ಬಿಚ್ಚಿಸಿಬಿಡೋಣ ಕಣೇ," ಎಂದಳು ಸೊಸೆಗೆ. "ನಾನಿನ್ನು ಗಿಡ ಮುಟ್ಟಲ್ಲ."

ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತೆಯ ಮುಖ ನೋಡಿದಳು. ಅತ್ತೆ ಊಟ ಬಿಟ್ಟಾಳು, ಗಿಡ ಬಿಟ್ಟಾಳೇ? ಮರುದಿನವೇ ಅವಳು ಪಕ್ಕದ ಬೀದಿಯ ಹೆಂಗಸೊಬ್ಬಳನ್ನು ಕರೆತಂದಳು. ಪಾಲಿಹೌಸುಗಳಿಗೆ ಸೆನ್ಸರ್ ಕೂರಿಸುವುದು ಆಕೆಯ ಕೆಲಸ. ತೋಟದಕ್ಕ ನೋಡಿದ ಕೂಡಲೇ ಆಕೆಗೆ ಮೀಟರಮ್ಮ ಎಂದು ಹೆಸರಿಟ್ಟಳು.

"ನಲವತ್ತು ವರ್ಷ ಮಣ್ಣು ಮುಟ್ಟಿದ ಕೈ ಕಣಮ್ಮ ಇದು. ಅಜ್ಜಿಗೇ ಕೆಮ್ಮೋದು ಕಲಿಸೋಕೆ ಬಂದ್ಯಾ?"

ಮೀಟರಮ್ಮ ನಕ್ಕಳು. "ಇಲ್ಲಿ ಮಣ್ಣೇ ಇಲ್ವಲ್ಲ, ತೋಟದಕ್ಕ! ಮಣ್ಣಿನ ಮನಸ್ಸು ದೊಡ್ಡದು. ನೀರು ಜಾಸ್ತಿಯಾದ್ರೂ, ಗೊಬ್ಬರ ಜಾಸ್ತಿಯಾದ್ರೂ ನಮ್ಮ ತಪ್ಪನ್ನ ಹೊಟ್ಟೆಗೆ ಹಾಕ್ಕೊಳುತ್ತೆ. ಈ ಚೀಲಕ್ಕೆ ಎಲ್ಲಿದೆ ಅಷ್ಟು ಹೊಟ್ಟೆ? ಸ್ವಲ್ಪ ಹೆಚ್ಚುಕಮ್ಮಿಯಾದ್ರೆ ನೇರ ಬೇರಿಗೇ ತಟ್ಟುತ್ತೆ."

ಮಾತಾಡುತ್ತಲೇ ಆಕೆ ತೇವ ಅಳೆಯುವ ಕಡ್ಡಿಯನ್ನು ಚೀಲದೊಳಗೆ ಚುಚ್ಚಿದಳು. ಚೀಲದಿಂದ ಬಸಿದು ಬಂದ ನೀರಿಗೆ ಇನ್ನೊಂದನ್ನು ಅದ್ದಿದಳು. ಗೊಬ್ಬರ ಎಷ್ಟು ಉಳಿದಿದೆ, ಹುಳಿ ಎಷ್ಟಿದೆ ಎಂದು ಹೇಳುವುದು ಅದು. ಶಾಖ ಅಳೆಯುವ ಪುಟ್ಟ ಡಬ್ಬಿಯನ್ನು ಎಲೆಗಳ ನಡುವೆ ತೂಗುಹಾಕಿದಳು. ಕೊನೆಗೆ ಬಳ್ಳಿಯ ಕಾಂಡಕ್ಕೆ ನವಿರಾದ ಕ್ಲಿಪ್ ಒಂದನ್ನು ತೊಡಿಸಿದಳು. ಎಲ್ಲದರ ಲೆಕ್ಕ ಸೊಸೆಯ ಫೋನಿನಲ್ಲಿ ಮೂಡಿತು.

"ನೋಡಿ, ಎಲೆ ಬಾಡಿದೆ. ಚೀಲದಲ್ಲಿ ಮಾತ್ರ ನೀರು ತುಂಬಿ ತುಳುಕ್ತಿದೆ."

"ನೀರಿದ್ರೆ ಯಾಕೆ ಬಾಡುತ್ತೆ? ನಿನ್ನ ಮೀಟರ್ ಕೆಟ್ಟಿರಬೇಕು."

"ಬೇರೂ ಉಸಿರಾಡ್ಬೇಕಲ್ವಾ, ಅಕ್ಕ? ನೀರಲ್ಲಿ ಮುಳುಗಿದ್ರೆ ಅದಕ್ಕೆ ಉಸಿರು ಕಟ್ಟುತ್ತೆ. ಉಸಿರು ಕಟ್ಟಿದ ಬೇರು ನೀರು ಎಳ್ಕೊಳಲ್ಲ. ಮೇಲೆ ಬಿಸಿಲು ಎಲೆಯಿಂದ ನೀರು ಹೀರ್ತಾನೇ ಇರುತ್ತೆ. ಎಲೆ ಜೋತುಬೀಳುತ್ತೆ. ಬಾಯಾರಿದೆ ಅಂತ ನೀವು ಮತ್ತೆ ಹುಯ್ತೀರಿ."

ತೋಟದಕ್ಕನ ಮುಖ ಸಣ್ಣಗಾಯಿತು. "ಹಾಗಾದ್ರೆ ಮೊದಲ ಬೆಳೇನ... ನಾನೇ?"

ಮೀಟರಮ್ಮ ಮಾತು ತಿರುಗಿಸಲೆಂದು ಫೋನಿನಲ್ಲಿ ಇಳಿಯುತ್ತಿದ್ದ ಗೆರೆಯೊಂದನ್ನು ತೋರಿಸಿದಳು. "ಇದು ಆ ಕ್ಲಿಪ್ ಹೇಳೋ ಕಾಂಡದ ದಪ್ಪ. ಬಿಸಿಲಿಗೆ ಸೊರಗುತ್ತೆ, ತಂಪಿಗೆ ಉಬ್ಬುತ್ತೆ. ಕೂದಲೆಳೆಗಿಂತ ಕಡಿಮೆ, ಕಣ್ಣಿಗೆ ಕಾಣಲ್ಲ."

"ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ಬೇಡ."

ಹಾಗೆಂದವಳೇ ತೋಟದಕ್ಕ ಮನೆಯೊಳಗಿನಿಂದ ಹಳೆಯ ಬೆಡ್‌ಶೀಟ್ ತಂದಳು. ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಸೊಸೆಯ ಕೈಗೆ ಕೊಟ್ಟು ಬಳ್ಳಿಗೆ ನೆರಳು ಮಾಡಿದಳು. ಕೈ ಸೋತು ಬಂತು. ಕಾಲು ಗಂಟೆಯಾಗಿರಬೇಕು, ಇಳಿಯುತ್ತಿದ್ದ ಗೆರೆ ನಿಂತಿತು. ನಿಂತು, ಮೆಲ್ಲಗೆ ಮೇಲಕ್ಕೆ ತಿರುಗಿತು. ಬೆಡ್‌ಶೀಟ್ ತೆಗೆದರು, ಗೆರೆ ಮತ್ತೆ ಇಳಿಯಿತು. ಹಿಡಿದರು, ಏರಿತು. ಮೂರು ಸಲ ಮಾಡಿಸಿದಳು ತೋಟದಕ್ಕ. ಸೊಸೆಯ ತೋಳು ಬಿದ್ದುಹೋಗುವಂತಾಗಿತ್ತು, ಆದರೂ ಅವಳು ಹಿಡಿದ ತುದಿ ಬಿಡಲಿಲ್ಲ.

ತೋಟದಕ್ಕನ ಮೈ ಜುಮ್ಮೆಂದಿತು. ಬದುಕಿಡೀ ಗಿಡಗಳ ನಡುವೆ ಓಡಾಡಿದವಳು. ಅವು ತನ್ನ ಪಕ್ಕದಲ್ಲೇ ಗಳಿಗೆ ಗಳಿಗೆಗೂ ಹೀಗೆ ಕುಗ್ಗಿ ಹಿಗ್ಗುತ್ತಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮಲಗಿದ ಕೂಸಿನ ಬಳಿ ಮಾತನಾಡುವವಳಂತೆ ದನಿ ತಗ್ಗಿಸಿದಳು.

"ಎಲ್ಲಾ ಗಿಡಾನೂ ಹೀಗೇನಾ? ನಾನು ನೆಟ್ಟಿದ್ದೆಲ್ಲ?"

"ಎಲ್ಲಾನೂ, ಅಕ್ಕ."

ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಸೊಸೆಯ ಮೇಲೆ ರೇಗಿದಳು: "ಆ ಬಕೆಟ್ ಎಲ್ಲಾದ್ರೂ ಬಚ್ಚಿಡು. ಎಲ್ಲಿ ಅಂತ ನಾನು ಕೇಳಿದ್ರೂ ಹೇಳ್ಬೇಡ!"

ಮೊದಲ ಮೂರು ದಿನ ಅವಳ ಪಾಡು ಹೇಳತೀರದು. ಮಧ್ಯಾಹ್ನವಾದರೆ ಕೈ ತಾನಾಗಿ ಬಕೆಟ್ ಹುಡುಕುತ್ತಿತ್ತು. ಆದರೆ ಫೋನ್ ನೋಡಿ, ಚೀಲದ ತೇವ ಇಳಿದ ಮೇಲಷ್ಟೇ ಸೊಸೆ ನೀರು ಬಿಡುತ್ತಿದ್ದಳು. ಐದನೆಯ ದಿನ ಚೀಲ ಪೂರಾ ಒಣಗಿದೆ ಎಂದಿತು ಫೋನ್. ಸೊಸೆ ನಲ್ಲಿ ತಿರುಗಿಸಲು ಓಡಿದಳು.

"ತಡಿ," ಎಂದು ತೋಟದಕ್ಕ ಚೀಲಕ್ಕೆ ಬೆರಳಿಟ್ಟಳು. "ಇದು ಹಸಿಯಾಗಿದೆ ಕಣೇ." ನೋಡಿದರೆ ಕಡ್ಡಿ ಜಾರಿ ಹೊರಗೆ ಬಂದಿತ್ತು!

ಸುದ್ದಿ ಕೇಳಿ ಮೀಟರಮ್ಮ ಕೈಮುಗಿದಳು. "ಮೀಟರ್ ತಪ್ಪು ಹೇಳಿದ್ದನ್ನ ಹಿಡಿಯೋಕೆ ನಿಮ್ಮ ಕೈಯೇ ಬೇಕಾಯ್ತಲ್ಲ, ತೋಟದಕ್ಕ."

ಎರಡು ವಾರ ಕಳೆದವು. ಚೀಲದ ಅಂಚು ಸರಿಸಿದರೆ ಮಲ್ಲಿಗೆಯಷ್ಟು ಬೆಳ್ಳಗಿನ ಹೊಸ ಬೇರು. ಮಧ್ಯಾಹ್ನದ ಬಿಸಿಲಲ್ಲೂ ಎಲೆಗಳು ನೆಟ್ಟಗೆ ನಿಂತಿದ್ದವು. ಬೆಳಗಿನ ಗೆರೆ ಹಿಂದಿನ ದಿನದ್ದಕ್ಕಿಂತ ಒಂದೆಳೆ ಮೇಲಿತ್ತು. ರಾತ್ರಿ ಎಲ್ಲರೂ ಮಲಗಿದ್ದಾಗ ಬಳ್ಳಿ ಅಷ್ಟು ಬೆಳೆದಿತ್ತು. ತೋಟದಕ್ಕ ಬಾಯ ಮೇಲೆ ಬೆರಳಿಟ್ಟು ಅದನ್ನೇ ನೋಡುತ್ತ ನಿಂತಳು. ಆಮೇಲೆ ಸೊಸೆಯತ್ತ ತಿರುಗಿದಳು.

"ಮುಂದಿನ ಸಲ ಟೊಮೆಟೊ ಹಾಕೋಣ್ವೇನೇ?"

ಮಣ್ಣಿಲ್ಲದೆ ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಸೆನ್ಸರನ್ನೂ ಒಂದೇ ದಿನ ತರಬೇಕಿಲ್ಲ. ಚೀಲದ ತೇವ ಹೇಳುವ ಒಂದರಿಂದ ಶುರು ಮಾಡಿ. ವಾರಕ್ಕೊಮ್ಮೆ ಅದನ್ನು ಒರೆಸಿ, ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷಿಸಿ. ಫೋನ್ ನೋಡಿದ ಮೇಲೆ ಗಿಡವನ್ನೂ ಮುಟ್ಟಿ ನೋಡಿ. ಎಲೆ ಬಾಡಿದ್ದು ಕಂಡರೆ ಕೊಡದತ್ತ ಓಡುವ ಮೊದಲು ಒಂದು ಗಳಿಗೆ ನಿಲ್ಲಿ. ಗಿಡದ ಮೇಲೆ ಪ್ರೀತಿ ನಿಮಗೆ ಇದ್ದೇ ಇದೆ. ಎಷ್ಟು ನೀರು ಎಂಬುದನ್ನು ಬೇರು ಹೇಳಲಿ.